ಜೋಳಕ್ಕೆ ₹328, ಭತ್ತಕ್ಕೆ ₹69: ಕೊಡಗಿನ ಗದ್ದೆಗೆ ತಲುಪದ ಬೆಂಬಲ

ಕೇಂದ್ರ ಸಚಿವ ಸಂಪುಟ 2025–26ರ ಮುಂಗಾರು ಬೆಳೆಗಳ ಕನಿಷ್ಠ ಬೆಂಬಲ ಬೆಲೆಯನ್ನು 2025ರ ಮೇ 28ರಂದು ಪ್ರಕಟಿಸಿತು. ಹೈಬ್ರಿಡ್ ಜೋಳದ ಬೆಲೆ ಕ್ವಿಂಟಲಿಗೆ ₹3,371ರಿಂದ ₹3,699ಕ್ಕೆ ಏರಿತು. ರಾಗಿ ₹4,290ರಿಂದ ₹4,886ಕ್ಕೆ ಹೋಯಿತು. ಸಾಮಾನ್ಯ ದರ್ಜೆಯ ಭತ್ತಕ್ಕೆ ಮಾತ್ರ ₹2,300ರ ಮೇಲೆ ₹69 ಸೇರಿ ₹2,369 ಆಯಿತು. ಆ ಪಟ್ಟಿಯನ್ನು ಕೊಡಗಿನಲ್ಲಿ ಕುಳಿತು ಓದಿದವರಿಗೆ ಎರಡು ಅನುಮಾನಗಳು ಬರುವುದು ಸಹಜ. ಜೋಳಕ್ಕೆ ₹328 ಕೊಟ್ಟ ಸರ್ಕಾರ ಭತ್ತಕ್ಕೆ ₹69 ಮಾತ್ರ ಕೊಟ್ಟದ್ದೇಕೆ? ಈ ₹69ರಿಂದಾದರೂ, ವರ್ಷದಿಂದ ವರ್ಷಕ್ಕೆ ಪಾಳು ಬೀಳುತ್ತಿರುವ ಕೊಡಗಿನ ಗದ್ದೆಗಳಿಗೆ ಏನಾದರೂ ಪ್ರಯೋಜನವಿದೆಯೇ?

ಮೊದಲ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹುಡುಕಬೇಕಾದರೆ ಕೊಡಗಿನ ಹಳೆಯ ವಂಶಪಾರಂಪರ್ಯ ಭೂಹಿಡುವಳಿಯಾದ ಜಮ್ಮಾದ ಇತಿಹಾಸದಿಂದ ಹಿಡಿದು ಆನೆ ದಾಳಿಯ ವಿಮೆಯವರೆಗೆ ಹಲವು ಸಂಗತಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ.

₹69 ಬಂದದ್ದು ಎಲ್ಲಿಂದ?

ಬೆಂಬಲ ಬೆಲೆಯನ್ನು ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ. ಬೀಜ, ಗೊಬ್ಬರ, ಕೂಲಿ, ಯಂತ್ರದ ಬಾಡಿಗೆ ಮುಂತಾಗಿ ರೈತನು ಕೈಯಿಂದ ಮಾಡಿದ ಖರ್ಚಿಗೆ ಮನೆಯವರ ದುಡಿಮೆಯ ಅಂದಾಜು ಬೆಲೆಯನ್ನು ಸೇರಿಸಿ, ಆ ಮೊತ್ತದ ಒಂದೂವರೆ ಪಟ್ಟಿಗೆ ಕಡಿಮೆಯಾಗದಂತೆ ಬೆಲೆ ನಿಗದಿ ಮಾಡುವುದು 2018–19ರ ಕೇಂದ್ರ ಬಜೆಟ್‌ನಿಂದ ನಡೆದುಬಂದ ಪದ್ಧತಿ. ಸ್ವಂತ ಭೂಮಿಯ ಬಾಡಿಗೆ ಮತ್ತು ಸ್ವಂತ ಬಂಡವಾಳದ ಬಡ್ಡಿ ಈ ಲೆಕ್ಕದಲ್ಲಿ ಸೇರುವುದಿಲ್ಲ. ಅವುಗಳನ್ನೂ ಸೇರಿಸಿದ ಸಮಗ್ರ ವೆಚ್ಚದ ಮೇಲೆ ಶೇ 50ರಷ್ಟು ಲಾಭ ಸಿಗಬೇಕೆಂಬುದು ಎಂ.ಎಸ್. ಸ್ವಾಮಿನಾಥನ್ ನೇತೃತ್ವದ ರಾಷ್ಟ್ರೀಯ ರೈತ ಆಯೋಗದ ಹೆಸರಿನಲ್ಲಿ ರೈತ ಸಂಘಟನೆಗಳು ಇಂದಿಗೂ ಮುಂದಿಡುತ್ತಿರುವ ಬೇಡಿಕೆ.

ಭತ್ತದ ಉತ್ಪಾದನಾ ವೆಚ್ಚ 2024–25ರಲ್ಲಿ ಕ್ವಿಂಟಲಿಗೆ ₹1,533 ಎಂದು ಅಂದಾಜಾಗಿತ್ತು, 2025–26ಕ್ಕೆ ಅದು ₹1,579 ಆಯಿತು. ಹೆಚ್ಚಳ ₹46, ಅದರ ಒಂದೂವರೆ ಪಟ್ಟು ₹69. ಜೋಳದ ವೆಚ್ಚ ₹2,247ರಿಂದ ₹2,466ಕ್ಕೆ, ಅಂದರೆ ₹219ರಷ್ಟು ಏರಿತು, ಅದರ ಒಂದೂವರೆ ಪಟ್ಟು ಸುಮಾರು ₹328. ಹೀಗಾಗಿ ಜೋಳದ ಮೇಲೆ ಸರ್ಕಾರಕ್ಕೆ ಹೆಚ್ಚು ಪ್ರೀತಿ, ಭತ್ತದ ಮೇಲೆ ತಾತ್ಸಾರ ಎಂಬ ವಾದ ಈ ಅಂಕಿಗಳ ಮಟ್ಟಿಗಂತೂ ನಿಲ್ಲುವುದಿಲ್ಲ. ಎರಡಕ್ಕೂ ಸೂತ್ರ ಒಂದೇ, ಲಾಭಾಂಶವೂ ಒಂದೇ. ಹೆಚ್ಚು ಏರಿದ್ದು ಜೋಳ ಬೆಳೆಯುವವರ ಖರ್ಚು. ಕಲಬುರಗಿ, ವಿಜಯಪುರ, ರಾಯಚೂರು ಭಾಗದ ಜೋಳದ ರೈತನಿಗೆ ಸಿಕ್ಕ ಹೆಚ್ಚಳದಲ್ಲಿ ಮೂರರಲ್ಲಿ ಎರಡು ಪಾಲು ಏರಿದ ವೆಚ್ಚಕ್ಕೇ ಸರಿಹೋಗುತ್ತದೆ. ಅವನ ಹೆಸರಿನಲ್ಲಿ ಕೊಡಗಿನವರು ಅಸೂಯೆಪಡುವಂಥದ್ದೇನೂ ಇಲ್ಲ.

ಕೊಡಗಿನ ಮಟ್ಟಿಗೆ ತೊಡಕಿರುವುದು ಸೂತ್ರಕ್ಕೆ ಹಾಕುವ ಅಂಕಿಯಲ್ಲಿ. ₹1,579 ಎಂಬುದು ಇಡೀ ದೇಶದ ಸರಾಸರಿ. ಪಂಜಾಬಿನ ಸಮತಟ್ಟು ಬಯಲು, ಆಂಧ್ರದ ಕಾಲುವೆ ನೀರಿನ ಗದ್ದೆಗಳೆಲ್ಲ ಅದರಲ್ಲಿ ಸೇರಿವೆ. ಕೊಡಗಿನ ಗದ್ದೆಗಳು ಬಾಣೆಗಳ (ಗದ್ದೆಗೆ ಸೇರಿದ ಮರಗಾಡಿನ ದಿಣ್ಣೆಗಳ) ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಅನೇಕ ಕಡೆ ಕೊಯ್ಲು ಯಂತ್ರ ಇಳಿಯಲು ದಾರಿಯಿಲ್ಲ. ಇಳಿದರೂ ಕೆಸರಿನಲ್ಲಿ ಹೂತುಹೋಗುತ್ತದೆ. ನಾಟಿಗೂ ಕೊಯ್ಲಿಗೂ ಆಳು ಬೇಕೇ ಬೇಕು. ಆ ಆಳಿಗೆ ಕಾಫಿ ತೋಟ ಕೊಡುವ ಕೂಲಿಯನ್ನೇ ಗದ್ದೆಯೂ ಕೊಡಬೇಕು. ದೇಶದ ಸರಾಸರಿ ವೆಚ್ಚದ ಒಂದೂವರೆ ಪಟ್ಟು ಬೆಲೆ, ಇಲ್ಲಿನ ವೆಚ್ಚವನ್ನೇ ಸರಿದೂಗಿಸುತ್ತದೆಂದು ಹೇಳಲಾಗದು.

ಕಣದಲ್ಲಿ ಕಾಫಿ, ಗದ್ದೆಯಲ್ಲಿ ಭತ್ತ

ಬೆಂಬಲ ಬೆಲೆ ಘೋಷಣೆಯಾದ ಮಾತ್ರಕ್ಕೆ ರೈತನ ಕೈ ಸೇರುವುದಿಲ್ಲ. ಸರ್ಕಾರದ ಖರೀದಿ ಕೇಂದ್ರ ತೆರೆಯಬೇಕು, ರೈತ ಮೊದಲೇ ಹೆಸರು ನೋಂದಾಯಿಸಿರಬೇಕು, ಧಾನ್ಯ ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗಬೇಕು. ಆ ಪರೀಕ್ಷೆಯ ಮುಖ್ಯ ಷರತ್ತು ಭತ್ತದಲ್ಲಿ ತೇವಾಂಶ ಶೇ 17 ಮೀರಬಾರದು ಎಂಬುದು.

ಬಯಲುಸೀಮೆಯಲ್ಲಿ ಇದು ದೊಡ್ಡ ಮಾತಲ್ಲ. ಕೊಡಗಿನಲ್ಲಿ ಭತ್ತ ಕೊಯ್ಲಿಗೆ ಬರುವುದು ಸುಗ್ಗಿ ಹಬ್ಬವಾದ ಪುತ್ತರಿಯ ಆಸುಪಾಸಿನಲ್ಲಿ, ಡಿಸೆಂಬರ್–ಜನವರಿಯ ಹೊತ್ತಿಗೆ. ಬೆಳಿಗ್ಗೆ ಬಹಳ ಹೊತ್ತಿನವರೆಗೆ ಮಂಜು ಇಳಿದಿರುತ್ತದೆ, ತೆನೆಯ ಮೇಲಿನ ಇಬ್ಬನಿ ಆರುವುದೇ ತಡ. ಅದೇ ವೇಳೆಗೆ ಅರೇಬಿಕಾ ಕೊಯ್ಲು ನಡೆದಿರುತ್ತದೆ, ಅದರ ಬೆನ್ನಿಗೇ ರೊಬಸ್ಟಾ ಹಣ್ಣಾಗುತ್ತದೆ. ಮನೆಯ ಮುಂದಿನ ಕಣದಲ್ಲಿ ಕಾಫಿ ಹರಡಿರುತ್ತದೆ. ಒಣಗುತ್ತಿರುವ ಕಾಫಿಯನ್ನು ಬಳಿದು ಬದಿಗೊತ್ತಿ ಭತ್ತಕ್ಕೆ ಜಾಗ ಮಾಡಿಕೊಡುವವರು ಯಾರಿದ್ದಾರೆ? ಕ್ವಿಂಟಲ್ ಭತ್ತಕ್ಕೆ ₹2,369 ಬಂದರೆ, ಅದೇ ಕಣದಲ್ಲಿ ಒಣಗುವ ಕಾಫಿ ತರುವ ಹಣ ಅದರ ಹಲವು ಪಟ್ಟು. ಆಳಿನ ಲೆಕ್ಕವೂ ಹೀಗೆಯೇ. ಕಾಫಿ ಹಣ್ಣು ಗಿಡದಿಂದ ಉದುರುವ ಮೊದಲು ಕೊಯ್ದು ಮುಗಿಸಬೇಕಾದ ವಾರಗಳಲ್ಲೇ ಭತ್ತಕ್ಕೂ ಆಳು ಬೇಕಾಗುತ್ತದೆ.

ಇದರ ಪರಿಣಾಮವಾಗಿ ಭತ್ತವನ್ನು ಹಸಿಯಾಗಿರುವಾಗಲೇ ಗದ್ದೆಯ ಬದಿಗೆ ಬರುವ ವ್ಯಾಪಾರಿಗೆ ಕೊಟ್ಟುಬಿಡುವುದೇ ಅನೇಕರಿಗೆ ಅನುಕೂಲ. ಇಂಥ ಮಾರಾಟಕ್ಕೆ ಬೆಂಬಲ ಬೆಲೆಯ ಆಸರೆ ಇರುವುದಿಲ್ಲ. ಇನ್ನು ಮನೆಯ ಊಟಕ್ಕೆಂದು ಇಟ್ಟುಕೊಂಡ ಭತ್ತಕ್ಕೆ ಬೆಂಬಲ ಬೆಲೆ ಅನ್ವಯಿಸುವ ಮಾತೇ ಇಲ್ಲ. ಎಕರೆಗೆ 15 ಕ್ವಿಂಟಲ್ ಭತ್ತವನ್ನು ಕೇಂದ್ರಕ್ಕೆ ಹಾಕಿದವರಿದ್ದಾರೆ ಎಂದಿಟ್ಟುಕೊಂಡರೂ 2025–26ರ ಹೆಚ್ಚಳದಿಂದ ಅವರಿಗೆ ಸಿಗುವುದು ₹1,035. ಅಷ್ಟಕ್ಕೆ ಪಾಳು ಬಿದ್ದ ಗದ್ದೆಗೆ ಯಾರೂ ಮತ್ತೆ ನೇಗಿಲು ಇಳಿಸುವುದಿಲ್ಲ.

ಬಾಣೆ ಎಂಬ ಹಳೆಯ ಸಹಾಯಧನ

ಕೊಡಗಿನಲ್ಲಿ ಗದ್ದೆಗೆ ಸರ್ಕಾರದ ನೆರವು ಹೊಸ ಕಲ್ಪನೆಯಲ್ಲ. ಜಮ್ಮಾ ಹಿಡುವಳಿಯಲ್ಲಿ ಗದ್ದೆಗೆ ಪೂರ್ಣ ಕಂದಾಯದ ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಯ ಅರ್ಧದಷ್ಟು ಕಂದಾಯ ಮಾತ್ರ ಇತ್ತು. ಅದಕ್ಕಿಂತ ಮುಖ್ಯವಾಗಿ ಗದ್ದೆಯ ಜೊತೆಗೆ ಬಾಣೆಯನ್ನು ಕಂದಾಯವಿಲ್ಲದೆ ಬಿಟ್ಟುಕೊಡಲಾಗಿತ್ತು. ಗದ್ದೆಗೆ ಬೇಕಾದ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ, ನೇಗಿಲಿಗೆ ಮರ, ಎಲ್ಲವೂ ಬಾಣೆಯಿಂದ ಬರಬೇಕೆಂಬುದು ಆ ಏರ್ಪಾಡಿನ ತಿರುಳು. 1899ರ ಕೂರ್ಗ್ ಭೂ ಕಂದಾಯ ಕಾನೂನು ಕೂಡ ಬಾಣೆಯನ್ನು ಗದ್ದೆಗೆ ಅಂಟಿಕೊಂಡ ಭೂಮಿಯೆಂದೇ ಪರಿಗಣಿಸಿತ್ತು. ಆಗಿನ ಬೆಂಬಲ ಕ್ವಿಂಟಲ್ ಲೆಕ್ಕದ್ದಾಗಿರಲಿಲ್ಲ. ಗದ್ದೆ ಗದ್ದೆಯಾಗಿ ಉಳಿಯಬೇಕು ಎಂಬ ಕಾರಣಕ್ಕೆ ಭೂಮಿಯ ರೂಪದಲ್ಲೇ ಕೊಟ್ಟ ಬೆಂಬಲ ಅದು.

ಬಾಣೆಯಲ್ಲಿ ಕಾಫಿ ಬಂದ ಮೇಲೆ ಈ ಸಂಬಂಧ ತಲೆಕೆಳಗಾಯಿತು. ಗದ್ದೆಯನ್ನು ಸಾಕುವುದಕ್ಕೆಂದು ಇದ್ದ ಬಾಣೆಯೇ ಮನೆಯ ಮುಖ್ಯ ಆದಾಯವಾಯಿತು, ಗದ್ದೆ ಅದರ ಬಾಲವಾಯಿತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಕಡ್ಡಾಯ ಸಂಗ್ರಹ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರ ಮುಕ್ತ ಮಾರುಕಟ್ಟೆಗೆ ಇಳಿದ. 2024ರಿಂದೀಚೆಗೆ ರೊಬಸ್ಟಾ ಬೆಲೆ ದಾಖಲೆಯ ಮಟ್ಟ ಕಂಡಿತು. ಕಾಫಿಗೆ ಬೆಂಬಲ ಬೆಲೆಯೇ ಇಲ್ಲ, ಅದು ಬರುವುದು ಕೃಷಿ ಸಚಿವಾಲಯದ ಕೆಳಗಲ್ಲ, ವಾಣಿಜ್ಯ ಸಚಿವಾಲಯದ ಕೆಳಗೆ. ಹಾಗಿದ್ದೂ ಬೆಂಬಲ ಬೆಲೆಯಿರುವ ಭತ್ತವನ್ನು ಬಿಟ್ಟು ಬೆಂಬಲ ಬೆಲೆಯಿಲ್ಲದ ಕಾಫಿಯತ್ತ ಜನ ಹೋಗುತ್ತಿರುವುದು, ಬೆಲೆಯ ಭರವಸೆಯೊಂದರಿಂದಲೇ ಬೆಳೆ ಉಳಿಯದು ಎಂಬುದಕ್ಕೆ ಸಾಕಷ್ಟು ಸಾಕ್ಷಿ.

ಪಾಳು ಬಿದ್ದ ಒಂದು ಗದ್ದೆಯ ಹಾನಿ ಅದರ ಒಡೆಯನಿಗೆ ಮಾತ್ರ ಸೀಮಿತವಲ್ಲ. ಇಲ್ಲಿ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬದುವಿನ ಬಾಯಿಯ ಮೂಲಕ ಇಳಿಯುತ್ತದೆ. ಮೇಲಿನವರು ಬೇಸಾಯ ಬಿಟ್ಟರೆ ಎರಡು ಮಳೆಗಾಲದಲ್ಲಿ ಬದು ಕುಸಿಯುತ್ತದೆ, ತೋಡಿನಲ್ಲಿ ಹೂಳು ತುಂಬುತ್ತದೆ, ಆಳೆತ್ತರ ಬೆಳೆದ ಹುಲ್ಲಿನಲ್ಲಿ ಹಂದಿಗಳು ಬಂದು ಸೇರಿಕೊಳ್ಳುತ್ತವೆ. ಕೆಳಗಿನ ಗದ್ದೆಯವರಿಗೆ ಬೇಕಾದಾಗ ನೀರಿಲ್ಲ, ಬೇಡವಾದಾಗ ಒಮ್ಮೆಲೇ ನುಗ್ಗುವ ನೀರು. ಮೂರನೇ ವರ್ಷ ಅವರೂ ಬಿಡುತ್ತಾರೆ. ಆಮೇಲೆ ಶುಂಠಿಗೆ ಗುತ್ತಿಗೆ ಕೊಡುವುದು, ಅಡಿಕೆ ಹಾಕುವುದು, ರಸ್ತೆಯ ಬದಿಯಾಗಿದ್ದರೆ ಮಣ್ಣು ತುಂಬಿಸಿ ಕಟ್ಟಡ ಏಳಿಸುವುದು, ಹೀಗೆ ದಾರಿಗಳು ತೆರೆದುಕೊಳ್ಳುತ್ತವೆ. ಬಾಣೆಯಿಂದ ಹರಿದುಬಂದ ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಮೆಲ್ಲಗೆ ತೋಡಿಗೂ ಹೊಳೆಗೂ ಬಿಡುತ್ತಿದ್ದ ಜಾಗ ಹೋದ ಮೇಲೆ ಅದರ ಬೆಲೆಯನ್ನು ಮಳೆಗಾಲದಲ್ಲಿ ನೆರೆಯಾಗಿಯೂ ಬೇಸಿಗೆಯಲ್ಲಿ ಒಣಗಿದ ಬಾವಿಯಾಗಿಯೂ ಊರೇ ತೆರಬೇಕಾಗುತ್ತದೆ. ಕಾವೇರಿಯ ಕೆಳದಂಡೆಯವರೂ ಇದರ ಪಾಲುದಾರರೇ.

ಪಹಣಿಯಲ್ಲಿ ಯಾರ ಹೆಸರು?

ಬೆಲೆಯ ಬದಲು ನೇರ ಹಣ ಕೊಡುವ ಯೋಜನೆಗಳೂ ಇವೆ. ಪಿಎಂ-ಕಿಸಾನ್ 2019ರಿಂದ ವರ್ಷಕ್ಕೆ ₹6,000ವನ್ನು ಮೂರು ಕಂತುಗಳಲ್ಲಿ ಕೊಡುತ್ತಿದೆ. ಆದರೆ ಅದು ಸಿಗುವುದು ಭೂದಾಖಲೆಯಲ್ಲಿ ಹೆಸರಿರುವವರಿಗೆ. ರಾಜ್ಯದ ಬಹುತೇಕ ಕೃಷಿ ಸೌಲಭ್ಯಗಳಿಗೆ ಬೇಕಾದ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆಯೂ ಪಹಣಿಗೇ ಜೋಡಣೆಯಾಗಿದೆ. ಕೊಡಗಿನ ಅನೇಕ ಜಮ್ಮಾ ಪಹಣಿಗಳಲ್ಲಿ ಇರುವುದು ಒಕ್ಕದ (ಕೊಡವರ ಕೂಡುಕುಟುಂಬದ) ಹಿರಿಯರಾದ ಪಟ್ಟೇದಾರರ ಹೆಸರು. ಕೆಲವು ಕಡೆ ಅವರು ತೀರಿಕೊಂಡು ಎಷ್ಟೋ ಕಾಲವಾಗಿದೆ. ನಿಜವಾಗಿ ಕೆಸರಿಗಿಳಿದು ಗದ್ದೆ ಮಾಡುವವರು ಒಕ್ಕದ ಒಂದು ಕವಲಿನವರು, ಇಲ್ಲವೇ ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ ಗೇಯುವ ಬೇರೆಯವರು. ತೀರಿಕೊಂಡವರ ಹೆಸರಿನ ಭೂಮಿಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮಾಡಿಸಬೇಕೆಂದರೆ ಊರೂರಿನಲ್ಲಿ ಚದುರಿಹೋದ ಕುಟುಂಬದವರೆಲ್ಲರ ಒಪ್ಪಿಗೆ ಬೇಕು.

ಪಿಎಂ-ಕಿಸಾನ್‌ನ ಇನ್ನೊಂದು ಷರತ್ತು ಕೊಡಗಿಗೆ ವಿಶೇಷವಾಗಿ ತಟ್ಟುತ್ತದೆ. ತಿಂಗಳಿಗೆ ₹10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರು, ನಾಲ್ಕನೇ ದರ್ಜೆಯ ನೌಕರರನ್ನು ಬಿಟ್ಟರೆ, ಈ ಯೋಜನೆಯಿಂದ ಹೊರಗೆ. ಮನೆಗೊಬ್ಬರಂತೆ ಸೇನೆಗೆ ಹೋಗಿಬಂದ ಊರುಗಳಲ್ಲಿ, ನಿವೃತ್ತರಾಗಿ ಬಂದು ಗದ್ದೆಯನ್ನು ಕೈಬಿಡದೆ ನಡೆಸುತ್ತಿರುವವರೇ ಈ ನಿಯಮದಿಂದಾಗಿ ಹೊರಗುಳಿಯುತ್ತಾರೆ. ಪಿಂಚಣಿದಾರರಿಗೆ ಬಡತನ ನಿವಾರಣೆಯ ಹಣ ಬೇಡವೆಂಬುದು ನ್ಯಾಯವಾದ ಮಾತೇ. ಗದ್ದೆ ಉಳಿಸುವುದು ಗುರಿಯಾದರೆ ಮಾತ್ರ ಉಳುವವರ ಆದಾಯವನ್ನು ಕೇಳುವುದರಲ್ಲಿ ಅರ್ಥವಿಲ್ಲ. ಗದ್ದೆಯಲ್ಲಿ ಬೆಳೆ ಇದೆಯೇ ಎಂದು ನೋಡಬೇಕು.

ಆನೆ ತುಳಿದ ಪೈರಿಗೆ ವಿಮೆ

ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆಗಳು ಗದ್ದೆಗಿಳಿಯುತ್ತವೆ. ಒಂದೇ ರಾತ್ರಿಯಲ್ಲಿ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2 ಮಾತ್ರ. ಆದರೂ ಕೊಡಗಿನಲ್ಲಿ ಅದರಿಂದ ದೊಡ್ಡ ಧೈರ್ಯ ಬರಲಿಲ್ಲ. ವಿಮೆಯ ಲೆಕ್ಕ ನಡೆಯುವುದು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ಕಾಡಂಚಿನ ನಾಲ್ಕು ಗದ್ದೆಗಳನ್ನು ಆನೆ ಹಾಳುಮಾಡಿದರೆ ಪಂಚಾಯಿತಿಯ ಸರಾಸರಿ ಕುಸಿಯುವುದಿಲ್ಲ.

ಇಲ್ಲಿ ಒಂದು ಬದಲಾವಣೆ ಆಗಿದೆ. ಕಾಡುಪ್ರಾಣಿಗಳ ದಾಳಿಯಿಂದಾದ ನಷ್ಟವನ್ನು ಸ್ಥಳೀಯ ವಿಪತ್ತುಗಳ ಪಟ್ಟಿಗೆ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿಯೂ, 2018ರಲ್ಲಿ ಕೈಬಿಟ್ಟಿದ್ದ ಭತ್ತದ ಜಲಾವೃತ ನಷ್ಟವನ್ನು ಮರಳಿ ತರುವುದಾಗಿಯೂ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಜಾರಿ 2026ರ ಮುಂಗಾರಿನಿಂದ. ಸ್ಥಳೀಯ ವಿಪತ್ತಿನಡಿ ಬಂದರೆ ಪಂಚಾಯಿತಿಯ ಸರಾಸರಿಯನ್ನು ಬಿಟ್ಟು ಆಯಾ ಹೊಲದ ನಷ್ಟವನ್ನೇ ಅಳೆಯುತ್ತಾರೆ. ಕೊಡಗಿನ ಗದ್ದೆಗೆ ಬೆಂಬಲ ಬೆಲೆಯ ₹69ಕ್ಕಿಂತ ಇದು ಎಷ್ಟೋ ಮಹತ್ವದ್ದು.

ಆದರೆ ಯಾವ ಪ್ರಾಣಿಗಳು, ಯಾವ ಪ್ರದೇಶಗಳು ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಬೇಕು. ರೈತರು ನಷ್ಟವಾದ 72 ಗಂಟೆಗಳೊಳಗೆ ಬೆಳೆ ವಿಮಾ ಆ್ಯಪ್‌ನಲ್ಲಿ ಸ್ಥಳ ಗುರುತಿರುವ ಚಿತ್ರದೊಂದಿಗೆ ತಿಳಿಸಬೇಕು. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡದ ತಲೆಗೆ ಹತ್ತಬೇಕಾದ ಊರುಗಳಿಗೆ ಈ ಗಡುವು ಹಗುರವಲ್ಲ. ಪಂಚಾಯಿತಿ ಕಚೇರಿಯಲ್ಲಿ ಬರಹದ ದೂರು ಕೊಟ್ಟರೂ ಸಾಕು ಎಂಬ ಅವಕಾಶ ಬೇಕು.

ವಯನಾಡಿನ ಕಡೆಯ ಪಾಠ

ಗದ್ದೆ ಉಳಿಸುವ ವಿಷಯದಲ್ಲಿ ಕೇರಳ ಎರಡು ಹೆಜ್ಜೆ ಇಟ್ಟಿದೆ. ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಗೆ 2008ರಲ್ಲಿ ಕಾಯ್ದೆ ಮಾಡಿ ಪರಿವರ್ತನೆಯನ್ನು ನಿಷೇಧಿಸಿತು. 2020–21ರಿಂದ, ಗದ್ದೆಯ ಸ್ವರೂಪ ಬದಲಿಸದೆ ಬೇಸಾಯ ಮಾಡುವ ಮಾಲೀಕರಿಗೆ ಹೆಕ್ಟೇರಿಗೆ ₹2,000ದ ರಾಯಲ್ಟಿ ಆರಂಭಿಸಿತು. ಅದರ ಜೊತೆಗೆ ಬೆಂಬಲ ಬೆಲೆಯ ಮೇಲೆ ರಾಜ್ಯದ ಪಾಲನ್ನೂ ಸೇರಿಸಿ ಭತ್ತ ಕೊಳ್ಳುತ್ತಿದೆ.

ಈ ಮಾದರಿಯನ್ನು ಹಾಗೆಯೇ ಎತ್ತಿ ತರಬೇಕೆಂಬ ವಾದಕ್ಕೆ ತೊಡಕುಗಳಿವೆ. ನಿಷೇಧದ ಕಾಯ್ದೆಯಿಂದ ಒಂದಿಷ್ಟು ಗದ್ದೆ ಉಳಿದದ್ದು ನಿಜವಾದರೂ ಮನೆ ಕಟ್ಟಲೂ ಆಗದ, ಬೆಳೆಯಲೂ ಆಗದ ಸಣ್ಣ ಹಿಡುವಳಿದಾರರ ಅರ್ಜಿಗಳು ರಾಶಿ ಬಿದ್ದವು. 2018ರ ತಿದ್ದುಪಡಿಯಲ್ಲಿ ಶುಲ್ಕ ಕಟ್ಟಿಸಿಕೊಂಡು ಒಂದು ವರ್ಗದ ಭೂಮಿಗೆ ವಿನಾಯಿತಿ ಕೊಡಬೇಕಾಯಿತು. ರಾಜ್ಯದ ಬೋನಸ್ಸಿಗೂ ಅಡ್ಡಿಯಿದೆ: ಬೆಂಬಲ ಬೆಲೆಯ ಮೇಲೆ ಬೋನಸ್ ಕೊಡುವ ರಾಜ್ಯಗಳಿಂದ ಕೇಂದ್ರದ ಖರೀದಿಯನ್ನು ಮಿತಗೊಳಿಸುವ ನಿಲುವನ್ನು ಕೇಂದ್ರ ಸರ್ಕಾರ 2014ರಲ್ಲೇ ತಿಳಿಸಿತ್ತು. ಆರಂಭದಲ್ಲಿ ಎಕರೆಗೆ ಬರೀ ₹800 ಆಗುತ್ತಿದ್ದ ರಾಯಲ್ಟಿಯಂತೂ ನಾಟಿಯ ಕೂಲಿಗೆ ಏನೇನೂ ಸಾಲದು.

ಕಾಫಿ ಬೆಳೆಗಾರರಲ್ಲಿ ಒಂದು ವರ್ಗದ ನಿಲುವು ಇದಕ್ಕೆ ನೇರ ವಿರುದ್ಧ. ನಷ್ಟದ ಬೆಳೆಯನ್ನು ಸಾರ್ವಜನಿಕ ಹಣದಿಂದ ಹಿಡಿದು ನಿಲ್ಲಿಸುವುದಕ್ಕಿಂತ ರೈತ ತನ್ನ ಭೂಮಿಯಲ್ಲಿ ಲಾಭದ ಬೆಳೆ ಹಾಕಿಕೊಳ್ಳಲಿ, ಸರ್ಕಾರ ಅಡ್ಡ ಬರಬಾರದು ಎಂಬುದು ಆ ವಾದ. ಒಂದು ಮನೆಯ ಲೆಕ್ಕದಲ್ಲಿ ಇದನ್ನು ತಪ್ಪೆನ್ನಲಾಗದು. ಆದರೆ ಗದ್ದೆ ಹಿಡಿದಿಡುವ ನೀರಿಗೆ ಮಾರುಕಟ್ಟೆಯಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ಆ ಬೆಲೆ ಸಿಗದಿರುವುದರಿಂದಲೇ ಭತ್ತ ನಷ್ಟದ ಬೆಳೆಯಾಗಿ ಕಾಣುತ್ತಿದೆ. ಹೀಗಾಗಿ ಅದನ್ನು ಕೊಡಬೇಕಾದವರು ಸರ್ಕಾರವೇ, ಕೊಡಬೇಕಾದದ್ದು ಎಕರೆಯ ಲೆಕ್ಕದಲ್ಲಿ.

ಎಕರೆಗೆ ಎಷ್ಟು, ಯಾರಿಗೆ?

ಇದಕ್ಕೆ ಮಾದರಿ ಹುಡುಕಿ ಹೊರಗೆ ಹೋಗಬೇಕಾಗಿಲ್ಲ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಬೆಳೆಯುವವರಿಗೆ ಕರ್ನಾಟಕ ಸರ್ಕಾರವೇ 2019ರ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ ₹10,000 ಪ್ರೋತ್ಸಾಹಧನ ಘೋಷಿಸಿತು. ಎಷ್ಟು ಮಾರಿದಿರಿ ಎಂದು ಕೇಳದೆ ಬೆಳೆದ ವಿಸ್ತೀರ್ಣ ನೋಡಿ ಕೊಡುವ ಹಣ ಅದು. ಮಳೆಯ ಕೊರತೆಯಿರುವ ಸೀಮೆಯಲ್ಲಿ ಸಿರಿಧಾನ್ಯ ಉಳಿಯಬೇಕೆಂಬುದಕ್ಕೆ ಸಾರ್ವಜನಿಕ ಕಾರಣ ಇದ್ದಂತೆಯೇ ಮಲೆನಾಡಿನ ತಗ್ಗಿನಲ್ಲಿ ಭತ್ತ ಉಳಿಯಬೇಕೆಂಬುದಕ್ಕೂ ಇದೆ. ಅದೇ ದರ ಅನ್ವಯಿಸಿದರೆ ಎಕರೆಗೆ ಸುಮಾರು ₹4,000 ಆಗುತ್ತದೆ. ಇದರಿಂದ ಕಾಫಿಯ ಜೊತೆ ಪೈಪೋಟಿ ಮಾಡಲಾಗದು. ಆದರೆ ಬೇಸಾಯ ಬಿಡಲೋ ಬೇಡವೋ ಎಂದು ಅಳೆಯುತ್ತಿರುವವರ ನಾಟಿ ಖರ್ಚಿನ ಒಂದು ಭಾಗವನ್ನಾದರೂ ಅದು ಹೊರುತ್ತದೆ. ಮೇಲಿನ ಗದ್ದೆ ಉಳಿದರೆ ಕೆಳಗಿನದೂ ಉಳಿಯುವುದರಿಂದ, ಒಂದು ತಗ್ಗಿನ ಗದ್ದೆಯವರೆಲ್ಲ ಒಟ್ಟಾಗಿ ನಾಟಿ ಮಾಡಿದರೆ ಹೆಚ್ಚು ದರ ಎಂಬ ಷರತ್ತು ಹಾಕಿದಲ್ಲಿ ಅದೇ ಹಣ ಇನ್ನಷ್ಟು ಕೆಲಸ ಮಾಡಬಲ್ಲದು.

ಹಣ ಯಾರಿಗೆ ಹೋಗಬೇಕೆಂಬ ತೊಡಕನ್ನೂ ಬಿಡಿಸಬಹುದು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಪ್ರತಿ ಹಂಗಾಮಿನಲ್ಲೂ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆಯೆಂದು ದಾಖಲಾಗುತ್ತಿದೆ. ಅದರಲ್ಲಿ ಭತ್ತ ಎಂದು ಕಂಡ ಗದ್ದೆಗೆ, ಒಕ್ಕದವರ ಬರಹದ ಒಪ್ಪಿಗೆ ಮತ್ತು ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆಯ ಆಧಾರದ ಮೇಲೆ ಗದ್ದೆ ಮಾಡುವವರ ಖಾತೆಗೆ ಹಣ ಹಾಕುವಂತೆ ನಿಯಮ ರೂಪಿಸಿದರೆ ಪೌತಿ ಖಾತೆಯ ವಿವಾದಗಳು ಮುಗಿಯುವವರೆಗೆ ಕಾಯಬೇಕಾಗಿಲ್ಲ. ಖರೀದಿ ಕೇಂದ್ರಗಳ ವಿಷಯದಲ್ಲಿ ಬೇಕಾದದ್ದು ಇನ್ನೂ ಸರಳ: ಪೊನ್ನಂಪೇಟೆ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಮಡಿಕೇರಿಯ ಸಹಕಾರ ಸಂಘಗಳಲ್ಲಿ ಭತ್ತ ಒಣಗಿಸುವ ಯಂತ್ರ. ಕಣ ಕಾಫಿಯ ಪಾಲಾಗಿರುವ ಆ ತಿಂಗಳುಗಳಲ್ಲಿ ಹಸಿ ಭತ್ತವನ್ನು ಶೇ 17ರ ತೇವಾಂಶಕ್ಕೆ ಇಳಿಸಿಕೊಟ್ಟರೆ ಮಾತ್ರ ಘೋಷಿತ ಬೆಂಬಲ ಬೆಲೆ ಕೊಡಗಿನ ರೈತನ ಕೈಗೆ ಬರುತ್ತದೆ.

ಈ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಕಾಡುಪ್ರಾಣಿ ದಾಳಿಯ ಅಧಿಸೂಚನೆಯಾಗಲಿ, ಎಕರೆವಾರು ಪ್ರೋತ್ಸಾಹಧನದ ಆದೇಶವಾಗಲಿ ಮುಂಗಾರಿಗೆ ಮೊದಲೇ ಹೊರಬಿದ್ದರೆ ಆ ವರ್ಷದ ಸಸಿಮಡಿ ಹಾಕುವವರಿಗೆ ಲೆಕ್ಕ ಹಾಕಲು ಒಂದು ಆಧಾರ ಸಿಗುತ್ತದೆ. ನಾಟಿ ಮುಗಿದು, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದ ಮೇಲೆ ಹೊರಟ ಆದೇಶದಿಂದ, ಆಗಲೇ ಗದ್ದೆ ಬಿಟ್ಟವರು ಆ ವರ್ಷ ಮರಳಿ ಬರಲಾರರು.